ಹವಾಮಾನ ನೀತಿಯ ಜನಾಭಿಪ್ರಾಯ ಸಮೀಕ್ಷೆಯನ್ನು ಓದುವ ಬಗೆ

ಹವಾಮಾನ ಬದಲಾವಣೆಯನ್ನು ತಡೆಯಲು ಸರ್ಕಾರ ಇನ್ನೂ ಗಟ್ಟಿಯಾದ ಕ್ರಮ ಕೈಗೊಳ್ಳಬೇಕೆಂದು ನೂರಕ್ಕೆ ಎಂಬತ್ತು, ತೊಂಬತ್ತು ಮಂದಿ ಬಯಸುತ್ತಾರೆ ಎಂಬ ಸುದ್ದಿ ಆಗಾಗ ಪ್ರಕಟವಾಗುತ್ತದೆ. ಇಂಧನದ ಮೇಲಿನ ತೆರಿಗೆ ಏರಿದೊಡನೆ ಜನ ಬೀದಿಗಿಳಿದ ಸುದ್ದಿಯೂ ಬರುತ್ತದೆ. 2018ರ ನವೆಂಬರ್‌ನಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಹಳದಿ ಅಂಗಿಯವರ ಚಳವಳಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಇವೆರಡನ್ನು ಕಂಡು ಜನ ಆಷಾಢಭೂತಿಗಳೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಎರಡು ಸಂದರ್ಭಗಳಲ್ಲಿ ಅವರಿಗೆ ಕೇಳಿದ ಪ್ರಶ್ನೆಗಳೇ ಬೇರೆ.

ಆದ್ದರಿಂದ ಸಮೀಕ್ಷೆಯ ವರದಿ ಕೈಗೆ ಬಂದಾಗ ಶೇಕಡಾವಾರನ್ನು ಬದಿಗಿಟ್ಟು ಮೊದಲು ಪ್ರಶ್ನಾವಳಿಯನ್ನು ಹುಡುಕಬೇಕು. ಸಾಮಾನ್ಯವಾಗಿ ಅದು ವರದಿಯ ಕೊನೆಯ ಪುಟಗಳಲ್ಲಿರುತ್ತದೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ಅದು ಗುರಿಯ ಬಗ್ಗೆ ಕೇಳುತ್ತಿದೆಯೇ, ಮಾರ್ಗದ ಬಗ್ಗೆಯೇ, ಅಥವಾ ಖರ್ಚು ಯಾರ ಜೇಬಿನಿಂದ ಎಂಬುದರ ಬಗ್ಗೆಯೇ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಗುರಿಯ ಪ್ರಶ್ನೆಗೆ ಎಲ್ಲ ಕಡೆಯೂ ‘ಹೌದು’ ಎಂಬ ಉತ್ತರವೇ ಹೆಚ್ಚು. ಒಂದು ನೀತಿಯ ಭವಿಷ್ಯದ ಸುಳಿವು ಸಿಗುವುದು ಮೂರನೆಯ ಬಗೆಯ ಪ್ರಶ್ನೆಯಲ್ಲಿ.

ಈ ಭೇದವನ್ನು ಸ್ವಿಟ್ಜರ್ಲೆಂಡಿನ ಎರಡು ಜನಮತಗಣನೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಪೆಟ್ರೋಲ್ ಮತ್ತು ಡೀಸೆಲ್ ತುಟ್ಟಿಯಾಗಲು ಅವಕಾಶ ಕೊಡುತ್ತಿದ್ದ, ವಿಮಾನದ ಟಿಕೆಟ್ ಮೇಲೆ ಶುಲ್ಕ ವಿಧಿಸುತ್ತಿದ್ದ ಕಾಯ್ದೆಯನ್ನು 2021ರ ಜೂನ್ 13ರಂದು ಶೇ. 51.6ರಷ್ಟು ಮತದಾರರು ತಿರಸ್ಕರಿಸಿದರು. ಎರಡು ವರ್ಷಗಳ ನಂತರ, 2023ರ ಜೂನ್ 18ರಂದು, 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆ (ಹೊರಬಿಡುವ ಹಸಿರುಮನೆ ಅನಿಲ ಹಿಂದಕ್ಕೆ ಹೀರಿಕೊಳ್ಳುವುದನ್ನು ಮೀರದಿರುವುದು) ಎಂಬ ಇನ್ನೂ ದೊಡ್ಡ ಗುರಿಯಿದ್ದ ಕಾಯ್ದೆಗೆ ಶೇ. 59.1ರಷ್ಟು ಮಂದಿ ಒಪ್ಪಿಗೆ ಕೊಟ್ಟರು. ಈ ಎರಡನೆಯ ಕಾಯ್ದೆಯಲ್ಲಿ ಹೊಸ ತೆರಿಗೆ ಇರಲಿಲ್ಲ. ಬದಲಿಗೆ, ಮನೆಗಳ ತೈಲ ಮತ್ತು ಅನಿಲ ಹೀಟರ್‌ಗಳನ್ನು ಬದಲಾಯಿಸಲು ಹತ್ತು ವರ್ಷಗಳಲ್ಲಿ 200 ಕೋಟಿ ಫ್ರಾಂಕ್ ನೆರವು ಇತ್ತು. ಎರಡು ವರ್ಷಗಳಲ್ಲಿ ಒಂದು ದೇಶದ ಜನರ ಪರಿಸರ ಪ್ರಜ್ಞೆ ಅಷ್ಟೊಂದು ಬದಲಾಯಿತೆಂದು ನಂಬುವುದಕ್ಕಿಂತ, ಖರ್ಚಿನ ಭಾರ ಎಲ್ಲಿ ಬೀಳುತ್ತದೆ ಎಂಬುದು ಬದಲಾಯಿತೆಂದು ಓದುವುದೇ ಸರಿಯೆಂದು ನನಗೆ ತೋರುತ್ತದೆ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು ಅದು ಕಣ್ಣಿಗೆ ಬೀಳುತ್ತದೆಯೇ ಎಂಬುದು. ಇಂಧನ ಉರಿದಾಗ ಹೊರಬೀಳುವ ಇಂಗಾಲಕ್ಕೆ ತಕ್ಕಂತೆ ಕೆನಡಾ ವಿಧಿಸುತ್ತಿದ್ದ ಇಂಗಾಲ ಶುಲ್ಕವನ್ನು ಬಹುಪಾಲು ಕುಟುಂಬಗಳಿಗೆ ಕಟ್ಟಿದ್ದಕ್ಕಿಂತ ಹೆಚ್ಚು ಹಣ ಹಿಂದಿರುಗುವಂತೆ ರೂಪಿಸಲಾಗಿತ್ತು. ಆದರೆ ಶುಲ್ಕ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಕಾಣುತ್ತಿತ್ತು, ಮರುಪಾವತಿ ಮೂರು ತಿಂಗಳಿಗೊಮ್ಮೆ ಸದ್ದಿಲ್ಲದೆ ಖಾತೆಗೆ ಬೀಳುತ್ತಿತ್ತು. 2025ರ ಏಪ್ರಿಲ್ 1ರಿಂದ ಬಳಕೆದಾರರ ಮೇಲಿನ ಆ ಶುಲ್ಕವನ್ನು ನಿಲ್ಲಿಸಲಾಯಿತು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾದ ನಿದರ್ಶನವಿದೆ. 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿಯಂತೆ ಆರಂಭವಾದ ಸೆಸ್ 2016ರ ಹೊತ್ತಿಗೆ 400 ರೂಪಾಯಿಗೆ ಏರಿತು. ಮನೆಯ ಕರೆಂಟ್ ಬಿಲ್ಲಿನಲ್ಲಿ ಅದಕ್ಕೆಂದು ಪ್ರತ್ಯೇಕ ಸಾಲು ಇಲ್ಲದ ಕಾರಣ ಅದು ಬೀದಿಯ ಚರ್ಚೆಗೆ ಬರಲೇ ಇಲ್ಲ. ಇಂಥ ಮೌನವನ್ನು ಸಮ್ಮತಿಯೆಂದು ಲೆಕ್ಕ ಹಾಕುವ ವರದಿಗಳನ್ನು ಅನುಮಾನದಿಂದಲೇ ಓದಬೇಕು.

ಮುಂದಿನ ಹೆಜ್ಜೆ, ಉತ್ತರಿಸಿದವರಿಗೆ ವಿಷಯ ಎಷ್ಟು ಗೊತ್ತಿತ್ತು ಎಂದು ನೋಡುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯವು ಸಮೀಕ್ಷಾ ಸಂಸ್ಥೆ ಸಿ-ವೋಟರ್ ಜೊತೆಗೂಡಿ 2021ರ ಅಕ್ಟೋಬರ್‌ನಿಂದ 2022ರ ಜನವರಿಯವರೆಗೆ ಭಾರತದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 54ರಷ್ಟು ಮಂದಿ ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ತಮಗೆ ಸ್ವಲ್ಪವೇ ಗೊತ್ತು ಅಥವಾ ಕೇಳಿಯೇ ಇಲ್ಲ ಎಂದರು. ಚಿಕ್ಕ ವಿವರಣೆ ಕೊಟ್ಟ ಮೇಲೆ, ಅದು ನಿಜವಾಗಿ ನಡೆಯುತ್ತಿದೆ ಎಂದವರು ಶೇ. 84. ಇವುಗಳಲ್ಲಿ ಎರಡನೆಯದನ್ನು ಮಾತ್ರ ಎತ್ತಿ ಹೇಳುವ ಸುದ್ದಿ ಸುಳ್ಳಲ್ಲ, ಅರೆಬರೆ. ವಿವರಣೆಯ ನಂತರದ ಉತ್ತರಗಳು ಇನ್ನೂ ಗಟ್ಟಿಯಾಗದ ಅಭಿಪ್ರಾಯಗಳು. ಬೆಲೆ ಏರಿಕೆಯ ಮೊದಲ ಪ್ರಚಾರಕ್ಕೇ ಅವು ಅಲುಗಾಡಬಲ್ಲವು.

ಇಂಥದೇ ಭಾರತೀಯ ಅಂಕಿಗಳನ್ನು ಕರ್ನಾಟಕಕ್ಕೆ ಇಳಿಸುವಾಗ ಮಾದರಿಯ ಗಾತ್ರವನ್ನು ಮರೆಯಬಾರದು. ಸಾವಿರ ಜನರ ಯಾದೃಚ್ಛಿಕ (ಚೀಟಿ ಎತ್ತಿದಂತೆ ಆರಿಸಿದ) ಮಾದರಿಯಲ್ಲಿ ಮೇಲಕ್ಕೋ ಕೆಳಕ್ಕೋ ಸುಮಾರು ಮೂರು ಶೇಕಡಾ ಅಂಶಗಳ ಏರುಪೇರು ಸಹಜ. ಅದರೊಳಗಿನ 250 ಮಂದಿಯನ್ನು ಬೇರ್ಪಡಿಸಿದರೆ ಅದು ಆರು ಅಂಶ ದಾಟುತ್ತದೆ. ಎರಡು ಜಿಲ್ಲೆಗಳ ನಡುವಿನ ನಾಲ್ಕು ಅಂಶಗಳ ಅಂತರಕ್ಕೆ ಕಾರಣ ಹುಡುಕುತ್ತ ಕೂರುವುದು ಆಗ ವ್ಯರ್ಥ.

ಜನ ಪರಸ್ಪರರ ಬಗ್ಗೆ ಏನು ಊಹಿಸುತ್ತಾರೆ ಎಂದು ಕೇಳಿದ ಸಮೀಕ್ಷೆ ಸಿಕ್ಕರೆ ಅದನ್ನು ಕೈಬಿಡಬೇಡಿ. 125 ದೇಶಗಳ ಸುಮಾರು 1.3 ಲಕ್ಷ ಜನರನ್ನು ಒಳಗೊಂಡು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಾಗತಿಕ ತಾಪಮಾನ ಏರಿಕೆಯನ್ನು ತಡೆಯಲು ತಿಂಗಳ ಮನೆಯಾದಾಯದ ನೂರರಲ್ಲಿ ಒಂದು ಭಾಗ ಕೊಡಲು ಸಿದ್ಧ ಎಂದವರು ಶೇ. 69, ತಮ್ಮ ದೇಶದವರಲ್ಲಿ ಎಷ್ಟು ಮಂದಿ ಹಾಗೆ ಹೇಳಿಯಾರು ಎಂಬ ಅವರದೇ ಅಂದಾಜು ಶೇ. 43. ರಾಜಕಾರಣಿಗಳ ಹಿಂಜರಿಕೆಗೆ ಈ ತಪ್ಪು ಅಂದಾಜೂ ಒಂದು ಕಾರಣವಿರಬಹುದು.

ಕಾಲೇಜಿನ ಯೋಜನೆಗೋ ಪಂಚಾಯಿತಿಗೋ ಸ್ವತಃ ಸಮೀಕ್ಷೆ ಮಾಡುವವರು ‘ಸೌರಶಕ್ತಿ ಒಳ್ಳೆಯದೇ?’ ಎಂದು ಕೇಳಿ ಕಾಗದ ಖರ್ಚು ಮಾಡಬೇಕಾಗಿಲ್ಲ. 3 ಕಿಲೋವ್ಯಾಟ್ ಚಾವಣಿ ಘಟಕಕ್ಕೆ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಕಳೆದು ಕೈಯಿಂದ ಹಾಕಬೇಕಾದ ಮೊತ್ತವನ್ನು ಊರಿನ ದರದಲ್ಲಿ ವಿಚಾರಿಸಿಕೊಂಡು, ಆ ಮೊತ್ತವನ್ನು ಹೇಳಿಯೇ ಪ್ರಶ್ನೆ ಕೇಳಬೇಕು. ಅದಕ್ಕೂ ಮೊದಲು ಮನೆಯ ತಿಂಗಳ ಯೂನಿಟ್ ಎಷ್ಟು, ಗೃಹಜ್ಯೋತಿಯಲ್ಲಿ ಬಿಲ್ಲು ಶೂನ್ಯವೇ ಎಂದು ಬರೆದುಕೊಳ್ಳಿ. ಬಿಲ್ಲೇ ಕಟ್ಟದ ಮನೆಯವರು ‘ಬೇಡ’ ಎಂದರೆ ಅದು ಹವಾಮಾನದ ಬಗೆಗಿನ ಉದಾಸೀನವಲ್ಲ, ಸರಳ ಲೆಕ್ಕಾಚಾರ. ಬಿಲ್ಲು ಕಟ್ಟುವವರು ಮತ್ತು ಕಟ್ಟದವರು ಎಂಬ ಎರಡು ಗುಂಪುಗಳ ಉತ್ತರಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸದೆ, ಪ್ರಶ್ನೆಯ ಪೂರ್ಣ ಪಾಠ ಮತ್ತು ಕೇಳಿದ ದಿನಾಂಕಗಳೊಡನೆ ಬೇರೆಬೇರೆಯಾಗಿ ಪ್ರಕಟಿಸಿ.