ಹೊಸ ಥೆರಪಿಸ್ಟ್‌ಗೆ ಮೊದಲ ವರ್ಷ ಜೊತೆ ಬೇಕು

ನಮ್ಮ ದೇಶದಲ್ಲಿ ಆಕ್ಯುಪೇಷನಲ್ ಥೆರಪಿ, ಅಂದರೆ ಊಟ, ಬಟ್ಟೆ, ಬರವಣಿಗೆಯಂಥ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ, ಕಲಿಸುವ ಮೊದಲ ಶಾಲೆ ಶುರುವಾದದ್ದು ಇದೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ, 1950ರಲ್ಲಿ, ಕಮಲಾ ನಿಂಬ್ಕರ್ ಅವರ ಪ್ರಯತ್ನದಿಂದ. ಇಂದಿಗೂ ಈ ಊರಿನ ಕಾಲೇಜುಗಳಿಂದ ಚೆನ್ನಾಗಿ ಕಲಿತ ಹುಡುಗಿಯರು ಡೊಂಬಿವಲಿಯ ನಮ್ಮ ಮಕ್ಕಳ ಥೆರಪಿ ಸೆಂಟರ್‌ಗೆ ಕೆಲಸಕ್ಕೆ ಬರುತ್ತಾರೆ. ಆದರೆ ಇಂಟರ್ನ್‌ಶಿಪ್‌ನಲ್ಲಿ ಕೈ ಮುರಿದವರು, ಪಾರ್ಶ್ವವಾಯು ಆದವರು, ಮಾನಸಿಕ ವಿಭಾಗ ಎಲ್ಲವನ್ನೂ ಸುತ್ತಿ ಮುಗಿಸುವಷ್ಟರಲ್ಲಿ ಮಕ್ಕಳ ಜೊತೆ ಕಳೆಯಲು ಸಿಗುವ ಸಮಯ ತೀರಾ ಕಮ್ಮಿ. ಅಂಥವರಿಗೆ ಸೇರಿದ ಮರುದಿನವೇ ದಿನದ ತುಂಬ ಸೆಷನ್ ಹಾಕುವುದು ಅನ್ಯಾಯ, ಮಗುವಿಗೂ ಅನ್ಯಾಯ.

ನನ್ನ ಕ್ರಮ ಇಷ್ಟೇ. ಶುರುವಿಗೆ ನಾನು ಮಾಡುವಾಗ ಅವಳು ನೋಡುತ್ತಾಳೆ, ಆಮೇಲೆ ಅವಳು ಮಾಡುವಾಗ ನಾನು ಮೂಲೆಯಲ್ಲಿ ಕೂತಿರುತ್ತೇನೆ. ವಾರಕ್ಕೊಂದು ಗಂಟೆ ಬಾಗಿಲು ಹಾಕಿಕೊಂಡು ಇಬ್ಬರೂ ಕೂರುತ್ತೇವೆ. ಆ ಗಂಟೆಗೆ ಫೀಸ್ ಬರುವುದಿಲ್ಲ, ಆದರೂ ಅದನ್ನು ಬಿಟ್ಟುಕೊಡುವುದಿಲ್ಲ. ಅಲ್ಲಿ ನಾನು ಉತ್ತರ ಹೇಳುವುದು ಕಮ್ಮಿ. "ಏನು ನೋಡ್ದೆ? ಯಾಕೆ ಹಾಗಾಯ್ತು ಅನ್ಸುತ್ತೆ? ನಾಳೆ ಏನು ಬದಲಾಯಿಸ್ತೀಯ?" ಅಂತ ಕೇಳುತ್ತೇನೆ.

ಒಮ್ಮೆ ಹೊಸದಾಗಿ ಸೇರಿದ ನಮ್ಮವಳೊಬ್ಬಳು ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗಾದ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದ ಹುಡುಗನ ಕೈಲಿ ಪೆಗ್‌ಬೋರ್ಡ್, ಅಂದರೆ ಹಲಗೆಯ ತೂತುಗಳಿಗೆ ಕಡ್ಡಿ ಸಿಕ್ಕಿಸುವ ಅಭ್ಯಾಸ, ಮಾಡಿಸುತ್ತಿದ್ದಳು. ಹಿಡಿತ ಸುಧಾರಿಸುತ್ತಿದೆ ಎಂದು ಬರೆದಿದ್ದಳು, ಅದು ನಿಜವೂ ಆಗಿತ್ತು. "ಮನೇಲಿ ಅವನು ಏನು ಮಾಡ್ಬೇಕು ಅಂತ ಅಮ್ಮನ್ನ ಕೇಳಿದ್ಯಾ?" ಅಂದೆ. ಕೇಳಿರಲಿಲ್ಲ. ಕುಂದಾಪುರ ಕಡೆಯ ತಾಯಿ. ಕೇಳಿದ ಕೂಡಲೇ, "ಮೇಡಂ, ಅವನೇ ಕೈಯಾರೆ ಊಟ ಮಾಡಿದ್ರೆ ಸಾಕು" ಅಂದರು. ಅಲ್ಲಿಂದ ಥೆರಪಿಯ ದಿಕ್ಕೇ ಬದಲಾಯಿತು. ಪಾದ ನೆಲಕ್ಕೆ ಮುಟ್ಟದಿದ್ದರೆ ಕೈ ಸ್ಥಿರವಾಗುವುದಿಲ್ಲ, ಹಾಗಾಗಿ ಕಾಲ ಕೆಳಗೆ ಮಣೆ ಬಂತು. ಮೇಜು ಮೊಣಕೈ ಎತ್ತರಕ್ಕೆ ಇಳಿಯಿತು. ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ, ಚಮಚದ ಹಿಡಿಗೆ ದಪ್ಪವಾಗಿ ಸುತ್ತಿದ ಬಟ್ಟೆ. ದೋಸೆ ಹರಿಯಲು ಎರಡೂ ಕೈ ಬೇಕು, ಅದನ್ನು ಆಮೇಲಕ್ಕೆ ಇಟ್ಟುಕೊಂಡು ಮೊದಲು ಮೊಸರನ್ನ ಹಿಡಿದೆವು. ಒಂದೇ ಕೋಣೆಯ ಮನೆಯಲ್ಲಿ ಥೆರಪಿಗೆಂದು ಉಯ್ಯಾಲೆ ಕಟ್ಟಿ ಎಂದು ಹೇಳುವುದಕ್ಕಿಂತ ಇದು ಆಗುವಂಥ ಮಾತು. ಇದನ್ನೆಲ್ಲ ಯೋಚಿಸಿದ್ದು ಅವಳೇ. ನಾನು ಕೇಳಿದ್ದು ಆ ಒಂದು ಪ್ರಶ್ನೆ ಮಾತ್ರ.

ಎಲ್ಲಕ್ಕಿಂತ ಕಷ್ಟ, "ಯಾವಾಗ ಸರಿ ಹೋಗ್ತಾನೆ?" ಎಂದು ತಂದೆ ತಾಯಿ ಕೇಳಿದಾಗ. ಇಪ್ಪತ್ತೆರಡರ ಹುಡುಗಿ ಆ ಕಣ್ಣುಗಳ ಮುಂದೆ ಏನೋ ಒಂದು ತಾರೀಕು ಹೇಳಿಬಿಡುತ್ತಾಳೆ. ಅದಕ್ಕೇ ಮೊದಲ ಕೆಲವು ತಿಂಗಳು ಪೋಷಕರ ಜೊತೆಗಿನ ಮಾತಿಗೆ ನಾನೂ ಪಕ್ಕದಲ್ಲಿ ಕೂರುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಮುಂದಿನ ಮೂರು ತಿಂಗಳಲ್ಲಿ ಯಾವ ಒಂದು ಕೆಲಸ ಸಾಧಿಸೋಣ ಎಂದು ಅವರನ್ನೇ ಕೇಳುವುದು, ಇವೆರಡನ್ನೂ ಆ ಬಾಗಿಲು ಹಾಕಿದ ಗಂಟೆಯಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸುತ್ತೇನೆ. ಅಳು ಬಂದರೆ ಅಳಲಿ, ಅದಕ್ಕೂ ಆ ಗಂಟೆಯೇ.

ಶಾಲೆಗೆ ಕೊಡುವ ರಿಪೋರ್ಟ್ ಮಾತ್ರ ವರ್ಷಪೂರ್ತಿ ನಾನು ಓದದೆ ಹೊರಗೆ ಹೋಗುವುದಿಲ್ಲ. ಪರೀಕ್ಷೆಗೆ ಹೆಚ್ಚಿನ ಸಮಯವನ್ನೋ ಮಗುವಿನ ಬದಲು ಬರೆಯುವವರನ್ನೋ ಕೇಳುವಾಗ ತಂದೆ ತಾಯಿ ಆ ಹಾಳೆ ಹಿಡಿದೇ ಶಾಲೆಗೆ ಹೋಗುತ್ತಾರೆ.