ಐವತ್ತರ ಹತ್ತಿರದ ಗೆರೆ: ಗಾಬಾ ಗ್ರಾಹಕದ ಆ್ಯಂಟಿಬಾಡಿ ಪರೀಕ್ಷಿಸಿದ ನನ್ನ ಅನುಭವ

ಗಾಬಾ-ಎ ಗ್ರಾಹಕ (ರಿಸೆಪ್ಟರ್) ಎಂದರೆ ನರಕೋಶದ ಪೊರೆಯಲ್ಲಿದ್ದು ಗಾಬಾ ಎಂಬ ರಾಸಾಯನಿಕ ಸಂದೇಶವನ್ನು ಹಿಡಿಯುವ ಪ್ರೋಟೀನು. ಅದರ ಆಲ್ಫಾ-1 ಉಪಘಟಕವನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ವಿಧಾನದಲ್ಲಿ, ಹಿಡಿಯಲು ಹೊರಟವರಿಗೆ ಮೊದಲ ತೊಡಕು ಅದರ ತೂಕವೇ. ಅದು ಸುಮಾರು 51 ಕಿಲೋಡಾಲ್ಟನ್. ರಕ್ತದಲ್ಲಿರುವ ಸಾಮಾನ್ಯ ಆ್ಯಂಟಿಬಾಡಿಯಾದ ಐಜಿಜಿಯ ದೊಡ್ಡ ಸರಪಳಿಯೂ 50ರ ಆಸುಪಾಸಿನದು. ಲೋಡಿಂಗ್ ಕಂಟ್ರೋಲ್ (ಎಲ್ಲ ಸಾಲಿಗೂ ಪ್ರೋಟೀನು ಸಮನಾಗಿ ಬಿದ್ದಿದೆಯೇ ಎಂದು ತೋರಿಸುವ ಗೆರೆ) ಎಂದು ಬಹಳ ಮಂದಿ ಬಳಸುವ ಟ್ಯೂಬುಲಿನ್ ಕೂಡ ಅಲ್ಲೇ ಕೂತಿರುತ್ತದೆ. ಆ ಜಾಗದಲ್ಲಿ ಕಪ್ಪು ಗೆರೆ ಕಂಡಾಕ್ಷಣ ಅದು ನಮ್ಮದೇ ಪ್ರೋಟೀನು ಅಂತ ಖುಷಿಪಡುವಂತಿಲ್ಲ.

ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿ ಇಲಿಯ (ಮೌಸ್ ಅಲ್ಲ, ರ್ಯಾಟ್) ಮೆದುಳಿನ ಮೇಲೆ ಕೆಲಸ. ಹೀಗಾಗಿ ಮೌಸ್ ಆ್ಯಂಟಿಬಾಡಿ ಬೇಡ, ಮೊಲದ್ದೇ ಬೇಕು ಎಂದು ಹಟ ಹಿಡಿದೆ. ಮೌಸ್ ಮತ್ತು ಇಲಿಯ ಐಜಿಜಿ ಒಂದಕ್ಕೊಂದು ಹತ್ತಿರದವು; ಪ್ರೈಮರಿಗೆ, ಅಂದರೆ ನಮ್ಮ ಪ್ರೋಟೀನನ್ನು ಹಿಡಿಯುವ ಆ್ಯಂಟಿಬಾಡಿಗೆ, ಅಂಟಿ ಗೆರೆ ತೋರಿಸುವ ಸೆಕೆಂಡರಿ ಆ್ಯಂಟಿಬಾಡಿ ಎರಡನ್ನೂ ಹಿಡಿದುಬಿಡಬಹುದು. ಕ್ಯಾಟಲಾಗಿನಲ್ಲಿ ನಾನು ಮೊದಲು ನೋಡಿದ್ದು ದರವನ್ನಲ್ಲ, ಆ್ಯಂಟಿಬಾಡಿ ಪ್ರೋಟೀನಿನ ಯಾವ ಭಾಗವನ್ನು ಹಿಡಿಯುತ್ತದೆ ಎಂಬುದನ್ನು. ಆಲ್ಫಾ ಉಪಘಟಕಗಳು ಆರು, ಎಲ್ಲವೂ ಒಂದೇ ಮನೆತನದವು. ಪೊರೆಯನ್ನು ದಾಟುವ ಭಾಗಗಳಲ್ಲಿ ಬಹಳ ಹೋಲಿಕೆ ಇದೆ. ಮೂರನೆಯ ಮತ್ತು ನಾಲ್ಕನೆಯ ದಾಟುಭಾಗಗಳ ನಡುವೆ ಕೋಶದ ಒಳಗಿರುವ ಕುಣಿಕೆಯಲ್ಲಿ ಮಾತ್ರ ಒಂದೊಂದರದ್ದು ಒಂದೊಂದು ದಾರಿ. ಆ ಕುಣಿಕೆಯ ತುಣುಕಿನಿಂದ ಮಾಡಿದ್ದನ್ನೇ ಆರಿಸಿಕೊಂಡೆ.

ಬಾಟಲಿ ಬಂದದ್ದು ಮೇ ತಿಂಗಳಲ್ಲಿ. ಡಬ್ಬಿಯೊಳಗಿನ ಐಸ್ ಪ್ಯಾಕ್ ಬೆಚ್ಚಗಿತ್ತು. ಡೀಲರ್‌ಗೆ ಫೋನ್ ಮಾಡಿದರೆ "ಏನಾಗಲ್ಲ ಬಿಡ್ರಿ ಮೇಡಂ" ಅಂದರು. ಸಿಟ್ಟು ಬಂದರೂ ಅವರ ಮಾತು ಪೂರ್ತಿ ಸುಳ್ಳಲ್ಲ. ಐಜಿಜಿ ಗಟ್ಟಿ ಅಣು, ಸ್ವಲ್ಪ ಕಾಲದ ಸೆಕೆ ತಡೆಯುತ್ತದೆ. ಅದನ್ನು ಹಾಳುಮಾಡುವುದು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸುವುದು. ನಮ್ಮದರಲ್ಲಿ ಅರ್ಧದಷ್ಟು ಗ್ಲಿಸರಾಲ್ ಇದ್ದುದರಿಂದ ಮೈನಸ್ 20ರಲ್ಲಿ ಗಟ್ಟಿಯಾಗುವ ಪ್ರಶ್ನೆಯೇ ಇರಲಿಲ್ಲ.

ಕೈಪಿಡಿಗಳು ರೂಮ್ ಟೆಂಪರೇಚರ್ ಅನ್ನುವುದು 20ರಿಂದ 25 ಡಿಗ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗೆ 40 ದಾಟಿರುತ್ತದೆ, ಎಸಿ ಕೈಕೊಟ್ಟರೆ ಒಳಗೂ ಬೆವರೇ. ಬ್ಲಾಕಿಂಗ್‌ಗೆ (ಆ್ಯಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ಬ್ಲಾಟ್‌ನ ಖಾಲಿ ಜಾಗ ಮುಚ್ಚಲು) ಕಲಸಿಟ್ಟ ಹಾಲಿನ ಪುಡಿ ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನು ಬಿಟ್ಟು ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಹಿಡಿದೆ, ಫ್ರಿಜ್ಜಿನಲ್ಲೇ ಬ್ಲಾಕ್ ಮಾಡಿದೆ. ಪ್ರೈಮರಿಯ ದ್ರಾವಣಕ್ಕೆ ಕೆಡದಂತೆ ಚಿಟಿಕೆ ಸೋಡಿಯಂ ಅಜೈಡ್ ಹಾಕಿಟ್ಟರೆ ಮರುಬಳಕೆಗೂ ಬರುತ್ತದೆ. ಆದರೆ ಅಜೈಡ್ ಸೆಕೆಂಡರಿಯ ಹತ್ತಿರ ಸುಳಿಯಬಾರದು, ಸೆಕೆಂಡರಿಗೆ ಜೋಡಿಸಿರುವ, ಗೆರೆ ಕಾಣಿಸುವ ಎಚ್‌ಆರ್‌ಪಿ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ.

ಇನ್ನು ಮಾದರಿ ತಯಾರಿಕೆ. ಎಲ್ಲ ಪ್ರೋಟೀನಿಗೂ 95 ಡಿಗ್ರಿಯಲ್ಲಿ ಐದು ನಿಮಿಷ ಕುದಿಸುವ ರೂಢಿ ಇದೆಯಲ್ಲ, ಇಲ್ಲಿ ಅದನ್ನು ಬಿಡಬೇಕು. ಆಲ್ಫಾ-1 ಪೊರೆಯನ್ನು ನಾಲ್ಕು ಸಲ ದಾಟುವ ಪ್ರೋಟೀನು. ಇಂಥವನ್ನು ಕುದಿಸಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗಿ ಜೆಲ್‌ನ ಬಾವಿಯಲ್ಲೇ ಉಳಿಯುವ ಅಪಾಯವಿದೆ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟ ಮಾದರಿಯನ್ನೂ ಕುದಿಸಿದ್ದನ್ನೂ ಅಕ್ಕಪಕ್ಕ ಓಡಿಸಿದೆ. ಕುದಿಸಿದ ಸಾಲಿನಲ್ಲಿ ಮೇಲ್ತುದಿಗೆ ಹೊಗೆಯಂಥ ಕಲೆ, 51ರಲ್ಲಿ ಮಾತ್ರ ತೆಳು ಗೆರೆ. ಕುದಿಸದ ಸಾಲಿನಲ್ಲಿ ಗೆರೆ ಕತ್ತರಿಸಿದಷ್ಟು ಸ್ಪಷ್ಟ. ಲೋಡಿಂಗ್ ಕಂಟ್ರೋಲ್‌ಗೆ ಸೋಡಿಯಂ-ಪೊಟ್ಯಾಸಿಯಂ ಎಟಿಪಿಯೇಸ್ ಇಟ್ಟುಕೊಂಡೆ. ಅದೂ ಪೊರೆಯದೇ, 100ರ ಮೇಲೆ ಕಾಣುವುದರಿಂದ ತಂಟೆಯಿಲ್ಲ.

"ಬ್ಯಾಂಡ್ ಬಂದೈತಲ್ಲಕ್ಕಾ, ಇನ್ನೇನ್ ನೋಡದೈತೆ?" ಅಂದ ಜೂನಿಯರ್ ಹುಡುಗ.

"ಪ್ರೈಮರಿ ಹಾಕದೇ ಇರೋ ಪಟ್ಟಿ ತಗಂಬಾರಪ್ಪ ಮೊದ್ಲು" ಅಂದೆ.

ಅದರಲ್ಲಿ 50ರ ಬಳಿ ಮಸುಕು ನೆರಳಿತ್ತು. ಅಂದರೆ ಅಂಗಾಂಶದಲ್ಲಿ ಉಳಿದ ರಕ್ತದ ಐಜಿಜಿಗೆ ಸೆಕೆಂಡರಿ ಅಂಟಿತ್ತು. ಮುಂದಿನ ಇಲಿಗಳಲ್ಲಿ, ಪ್ರಾಣಿ ನೈತಿಕ ಸಮಿತಿ ಒಪ್ಪಿದ ವಿಧಾನದಲ್ಲೇ, ಅರಿವಳಿಕೆ ಕೊಟ್ಟು ಹೃದಯದ ಮೂಲಕ ಸಲೈನ್ ಹರಿಸಿ ರಕ್ತ ತೊಳೆದ ಮೇಲೆ ಮೆದುಳು ತೆಗೆದೆವು. ಇಲಿ ಐಜಿಜಿಯನ್ನು ಹಿಡಿಯದಂತೆ ಶೋಧಿಸಿದ ಸೆಕೆಂಡರಿಯನ್ನೂ ತರಿಸಿದೆವು. ನೆರಳು ಹೋಯಿತು. ಸೆರೆಬೆಲ್ಲಮ್ಮಿನಲ್ಲಿ (ಕಿರುಮೆದುಳಿನಲ್ಲಿ) ಗೆರೆ ದಟ್ಟವಾಗಿತ್ತು, ಯಕೃತ್ತಿನಲ್ಲಿ ಏನೂ ಇಲ್ಲ.

ಆ್ಯಂಟಿಬಾಡಿ ಮಾಡಲು ಬಳಸಿದ ಪ್ರೋಟೀನಿನ ತುಣುಕನ್ನೇ (ಪೆಪ್ಟೈಡ್) ಅದಕ್ಕೆ ಬೆರೆಸಿ ಗೆರೆ ಮಾಯವಾಗುವುದನ್ನು ತೋರಿಸುವುದೇ ದೊಡ್ಡ ಸಾಕ್ಷಿ ಎಂದು ಹಲವರು ನಂಬುತ್ತಾರೆ. ನನಗೆ ಅದು ಅರ್ಧ ಸಾಕ್ಷಿ. ತಪ್ಪು ಪ್ರೋಟೀನಿಗೆ ಅದೇ ಹಿಡಿತದಿಂದ ಅಂಟಿದ್ದರೂ ಪೆಪ್ಟೈಡ್ ಹಾಕಿದರೆ ಆ ಗೆರೆಯೂ ಹೋಗುತ್ತದೆ. ಆ ಜೀನನ್ನೇ ತೆಗೆದುಹಾಕಿದ ಮೌಸ್‌ನ ಮೆದುಳು ಸಿಕ್ಕರೆ ವಾದವೇ ಇಲ್ಲ, ಆದರೆ ನಮಗೆ ಅದು ದುಬಾರಿ. ಬದಲಿಗೆ ಬೆಂಗಳೂರಿನ ಗೆಳತಿಯೊಬ್ಬಳು ಹೆಕ್-293 ಎಂಬ, ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳಿಗೆ ಆಲ್ಫಾ-1, ಆಲ್ಫಾ-2, ಆಲ್ಫಾ-3 ಜೀನುಗಳನ್ನು ಬೇರೆ ಬೇರೆಯಾಗಿ ಹಾಕಿ, ಖಾಲಿ ಪ್ಲಾಸ್ಮಿಡ್‌ (ಜೀನು ಒಯ್ಯುವ ಡಿಎನ್‌ಎ ಉಂಗುರ) ಹಾಕಿದ್ದೊಂದು ಸೇರಿಸಿ, ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಇರುವ ಬಫರಿನಲ್ಲಿ ಕರಗಿಸಿ ಕೊಟ್ಟಳು. ಥರ್ಮಕೋಲ್ ಡಬ್ಬಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ನನ್ನ ಮಡಿಲಲ್ಲೇ ಬಂತು. ನಾಲ್ಕು ಸಾಲುಗಳಲ್ಲಿ ಆಲ್ಫಾ-1ರದ್ದು ಮಾತ್ರ ಹೊತ್ತಿತು. ಉಳಿದ ಮೂರೂ ಖಾಲಿ.

ನಮ್ಮದು ಪಾಲಿಕ್ಲೋನಲ್, ಅಂದರೆ ಹಲವು ಆ್ಯಂಟಿಬಾಡಿಗಳ ಬೆರಕೆ. ಬೇರೆ ಲಾಟ್ ಎಂದರೆ ಬೇರೆಯೇ ಮಿಶ್ರಣ. ಗೆಳತಿ ಕರಗಿಸಿ ಕೊಟ್ಟ ಕೋಶದ್ರವದಲ್ಲಿ (ಲೈಸೇಟ್) ಉಳಿದದ್ದನ್ನು ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 80ರಲ್ಲಿ ಇಟ್ಟಿದ್ದೇನೆ. ಹೊಸ ಬಾಟಲಿ ಬಂದಾಗ ಮೊದಲ ಜೆಲ್ ಆ ನಾಲ್ಕು ಸಾಲಿನದೇ, ಇಲಿಯ ಮಾದರಿ ಆಮೇಲೆ.