ಮನೆಯಲ್ಲೇ ಕಠಿಣ ವ್ಯಾಯಾಮ ಮಾಡುವವರು ಹೊಟ್ಟೆ ತುಂಬ ಉಣ್ಣುವ ಕ್ರಮ

ಈಗಿನ ಹುಡುಗ ಹುಡುಗಿಯರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಎದುರಿಗೆ ಮೊಬೈಲ್ ನಿಲ್ಲಿಸಿಕೊಂಡು ಮಾಡುವ ವ್ಯಾಯಾಮವು ಹಗುರವಾದದ್ದಲ್ಲ. ಇನ್‌ಸ್ಯಾನಿಟಿ ಎಂಬ ಕ್ರಮ 60 ದಿನಗಳದ್ದು, ಪಿ90ಎಕ್ಸ್ ಎಂಬುದು 90 ದಿನಗಳದ್ದು. ಎರಡರಲ್ಲೂ ವಾರಕ್ಕೆ ಆರು ದಿನ ಬೆವರು ಸುರಿಯುವಂತೆ ದುಡಿಯಬೇಕು. ಇಂಥದ್ದನ್ನು ಹಿಡಿಯುವವರು ಸಾಮಾನ್ಯವಾಗಿ ಒಂದೇ ಸೋಮವಾರ ಎರಡು ಸಂಕಲ್ಪ ಮಾಡುತ್ತಾರೆ: ಬೆಳಗ್ಗೆ ವ್ಯಾಯಾಮ ಶುರು, ಮಧ್ಯಾಹ್ನದಿಂದ ಅನ್ನ, ತುಪ್ಪ, ಬೆಲ್ಲ ಬಂದ್. ಎರಡನೆಯ ಸಂಕಲ್ಪವು ಮೊದಲನೆಯದನ್ನು ಕೆಡಿಸುತ್ತದೆ. ದುಡಿಮೆ ಹೆಚ್ಚಿದ ದಿನದಿಂದಲೇ ತಟ್ಟೆಯೂ ಹೆಚ್ಚಬೇಕು ಎಂಬುದನ್ನು ಮನೆಯ ಹಿರಿಯಳಾಗಿ ನಾನು ಒತ್ತಿ ಹೇಳಬಯಸುತ್ತೇನೆ.

ಎಷ್ಟು ಹೆಚ್ಚಬೇಕು ಎಂಬುದಕ್ಕೆ ಲೆಕ್ಕವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ, 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ ಸುಮಾರು 2110 ಕ್ಯಾಲರಿ ಸಾಕು. ಅವನೇ ಮಧ್ಯಮ ಶ್ರಮ ಮಾಡಿದರೆ 2710 ಬೇಕು. 55 ಕಿಲೋ ತೂಕದ ಹೆಂಗಸಿಗೆ ಈ ಅಂಕಿಗಳು 1660 ಮತ್ತು 2130. ಹಗಲೆಲ್ಲ ಕಂಪ್ಯೂಟರ್ ಮುಂದೆ ಕುಳಿತು, ಒಂದು ಹೊತ್ತು ಮಾತ್ರ ಕಠಿಣ ವ್ಯಾಯಾಮ ಮಾಡುವವರಿಗೆ ಈ ಅಂತರದಷ್ಟು, ಅಂದರೆ ಸರಿಸುಮಾರು 400ರಿಂದ 600 ಕ್ಯಾಲರಿ ಹೆಚ್ಚಿಗೆ ಬೇಕಾಗುತ್ತದೆ. ಅದೇ ಶಿಫಾರಸಿನಲ್ಲಿ ಮೊದಲ ಆರು ತಿಂಗಳು ಮೊಲೆಯುಣಿಸುವ ತಾಯಿಗೆ ಹೇಳಿರುವ ಹೆಚ್ಚುವರಿ ಆಹಾರವೂ 600 ಕ್ಯಾಲರಿಯೇ. ಬಾಣಂತಿಗೆ ಅಂಟಿನ ಉಂಡೆ, ತುಪ್ಪ, ಕೊಬ್ಬರಿ, ಉತ್ತುತ್ತಿ ಕೊಡದೆ ಯಾರೂ ಇರುವುದಿಲ್ಲ. ಹಸಿವಿಲ್ಲವೆಂದರೂ ಹೊತ್ತು ಹೊತ್ತಿಗೆ ಮುಂದಿಟ್ಟು ತಿನ್ನಿಸುತ್ತೇವೆ. ಗರಡಿಮನೆಯಲ್ಲಿಯೂ ವಸ್ತಾದರು ದಂಡ, ಬಸ್ಕಿಗಳ ಲೆಕ್ಕ ಕೇಳುವಷ್ಟೇ ಕಟ್ಟುನಿಟ್ಟಾಗಿ ಹಾಲು, ಬಾದಾಮಿ, ತುಪ್ಪದ ಖುರಾಕಿನ ಲೆಕ್ಕ ಕೇಳುತ್ತಾರೆ. ಪಡಸಾಲೆಯಲ್ಲಿ ಒಬ್ಬನೇ ಕುಣಿದು ಜಿಗಿಯುವ ಹುಡುಗನಿಗೆ ಹೀಗೆ ಕೇಳುವವರಿಲ್ಲ. ಆ ಕೆಲಸವನ್ನು ಮನೆಯವರೇ ವಹಿಸಿಕೊಳ್ಳಬೇಕು.

ಹಸಿವಾದಾಗ ತಿಂದರಾಯಿತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ತೀವ್ರ ವ್ಯಾಯಾಮದ ನಂತರ ಸ್ವಲ್ಪ ಹೊತ್ತು ಹಸಿವು ಅಡಗಿರುತ್ತದೆ. ಆ ಸಮಯದಲ್ಲಿ ಬರೀ ಕಾಫಿ ಕುಡಿದು ಕೆಲಸಕ್ಕೆ ಹೋದವರಿಗೆ ರಾತ್ರಿ ಹತ್ತಕ್ಕೆ ಹೊಟ್ಟೆಗೆ ಬೆಂಕಿ ಬಿದ್ದಂತಾಗಿ, ಕೈಗೆ ಸಿಕ್ಕಿದ ಚಿಪ್ಸು, ಬಿಸ್ಕತ್ತುಗಳಿಂದ ಹೊಟ್ಟೆ ತುಂಬಿಸಿಕೊಳ್ಳುವ ಸ್ಥಿತಿ ಬರುತ್ತದೆ. ಆದ್ದರಿಂದ ಗಡಿಯಾರ ನೋಡಿ ಉಣ್ಣಿರಿ. ಬೆಳಗ್ಗೆ ಎದ್ದೊಡನೆ ವ್ಯಾಯಾಮ ಮಾಡುವವರು ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣನ್ನಾಗಲಿ ಎರಡು ಮೂರು ಖರ್ಜೂರಗಳನ್ನಾಗಲಿ ತಿನ್ನಬೇಕು; ವ್ಯಾಯಾಮ ಮುಗಿದು ಬೆವರು ಆರಿದ ಮೇಲೆ, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಒಂದು ಗಂಟೆಯೊಳಗೆ ಸರಿಯಾದ ನಾಷ್ಟಾ ಮಾಡಬೇಕು. ತಿನ್ನಲು ಮನಸ್ಸೇ ಬಾರದಿದ್ದರೆ ಹಾಲಿಗೆ ಬಾಳೆಹಣ್ಣು, ಹುರಿಹಿಟ್ಟು, ಬೆಲ್ಲ ಕಲಸಿ ಕುಡಿಯಬಹುದು. ಅಗಿಯಲು ಬೇಸರವಾದಾಗಲೂ ಕುಡಿಯುವುದು ಸುಲಭ.

ನಮ್ಮ ಊಟದ ತೊಡಕು ಇರುವುದು ಗಾತ್ರದಲ್ಲಿ. ತಿಳಿಸಾರು, ಸೊಪ್ಪು, ಪಚಡಿ, ಹಸಿ ಸೌತೆಕಾಯಿ ಇವೆಲ್ಲ ಒಳ್ಳೆಯವೇ ಆದರೂ ಹೊಟ್ಟೆಯನ್ನು ಬೇಗ ತುಂಬಿಸಿಬಿಡುತ್ತವೆ. ಬೇಯಿಸಿದ ಅನ್ನದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಇರುತ್ತದೆ. ಅದೇ ತೂಕದ ಜೋಳದ ರೊಟ್ಟಿಯಲ್ಲಿ ನೀರು ಕಡಿಮೆ, ಶಕ್ತಿ ಹೆಚ್ಚು. ಖಡಕ್ ರೊಟ್ಟಿಯಲ್ಲಿ ಇನ್ನೂ ಹೆಚ್ಚು, ಮೇಲಾಗಿ ಅದು ದಿನಗಟ್ಟಲೆ ಕೆಡದೆ ಡಬ್ಬಿಯಲ್ಲಿರುತ್ತದೆ. ಹೀಗಾಗಿ ಊಟದ ರಾಶಿಯನ್ನು ಬೆಳೆಸುವುದಕ್ಕಿಂತ ಅದರ ಸತ್ವವನ್ನು ಗಟ್ಟಿ ಮಾಡುವುದು ಜಾಣತನ. ಪಿಷ್ಟ ಮತ್ತು ಪ್ರೋಟೀನು ಗ್ರಾಂಗೆ 4 ಕ್ಯಾಲರಿ ಕೊಟ್ಟರೆ ಜಿಡ್ಡು 9 ಕೊಡುತ್ತದೆ. ಒಂದು ಚಹಾ ಚಮಚ ತುಪ್ಪದಲ್ಲಿಯೇ ಸುಮಾರು 45 ಕ್ಯಾಲರಿ ಇದೆ. ಸಾರಿನ ಬದಲು ಗಟ್ಟಿ ತೊವ್ವೆ ಬಡಿಸಿರಿ, ಶೇಂಗಾ ಚಟ್ನಿಪುಡಿಗೆ ಎಣ್ಣೆಯನ್ನೋ ಕೆನೆಮೊಸರನ್ನೋ ಕಲಸಿರಿ, ಪಲ್ಯಕ್ಕೆ ಗುರೆಳ್ಳು ಪುಡಿ ಧಾರಾಳವಾಗಿ ಉದುರಿಸಿರಿ. ಪಚಡಿಯನ್ನು ಊಟದ ಮೊದಲು ಕೊಡದೆ ನಡುವೆ ಕೊಡಿರಿ. ಹೀಗೆ ಮಾಡಿದರೆ ತಿನ್ನುವವನಿಗೆ ಹೊಟ್ಟೆ ಬಿರಿದಂತಾಗದೆ ಬೇಕಾದ ಶಕ್ತಿ ಸೇರುತ್ತದೆ. ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಎರಡು ಚಮಚ ತುಪ್ಪ, ಇಷ್ಟು ದಿನದ ಊಟದ ಮೇಲೆ ಸೇರಿದರೆ 500 ಕ್ಯಾಲರಿಗೆ ಹತ್ತಿರ ಬರುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲಾದದ್ದು ಶೇಂಗಾ ಉಂಡೆ. 100 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ, ಕೈಬಿಡದೆ, ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡುವವರೆಗೆ ಹುರಿಯಬೇಕು. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿದರೆ ಹೊಟ್ಟು ಹಾರಿಹೋಗುತ್ತದೆ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವಿ, ತರಿತರಿಯಾದಾಗ 60 ಗ್ರಾಂ ಪುಡಿ ಬೆಲ್ಲ, ಚಿಟಿಕೆ ಏಲಕ್ಕಿ ಹಾಕಿ ಇನ್ನೊಮ್ಮೆ ತಿರುವಿದರೆ ಕಾಳಿನ ಎಣ್ಣೆಯೇ ಬಿಟ್ಟುಕೊಂಡು ಹಿಟ್ಟು ಮೆತ್ತಗಾಗುತ್ತದೆ; ಪಾಕದ ಗೋಜಿಲ್ಲದೆ ಎಂಟು ಉಂಡೆ ಕಟ್ಟಬಹುದು. ಒಂದೊಂದು ಉಂಡೆಯಲ್ಲೂ ನೂರಕ್ಕೆ ಸ್ವಲ್ಪ ಕಡಿಮೆ ಕ್ಯಾಲರಿ ಇರುತ್ತದೆ. ಕಚೇರಿಯ ಚೀಲದಲ್ಲಿ ಎರಡು ಇಟ್ಟುಕೊಂಡರೆ ಸಂಜೆ ನಾಲ್ಕರ ಹಸಿವಿಗೆ ಅಂಗಡಿಯ ತಿಂಡಿ ಬೇಡ. ದುಬಾರಿ ಪೊಟ್ಟಣಗಳಲ್ಲಿ ಬರುವ ಪ್ರೋಟೀನ್ ಬಾರ್‌ಗಳಿಗೆ ಹಣ ಸುರಿಯುವ ಮೊದಲು ಇದನ್ನು ಒಂದು ವಾರ ಮಾಡಿ ನೋಡಿರಿ.

ಪ್ರೋಟೀನಿನ ಚಿಂತೆ ಸಸ್ಯಾಹಾರದ ಮನೆಗಳಲ್ಲಿ ಹೆಚ್ಚು. ಸಾಮಾನ್ಯರಿಗೆ ದಿನಕ್ಕೆ ತೂಕದ ಕಿಲೋಗೆ 0.83 ಗ್ರಾಂ ಎಂದು ಶಿಫಾರಸು ಇದ್ದರೆ, ಕಠಿಣ ವ್ಯಾಯಾಮ ಮಾಡುವವರಿಗೆ 1.2 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬೇಕೆಂದು ಆಹಾರತಜ್ಞರು ಹೇಳುತ್ತಾರೆ. 65 ಕಿಲೋದವನಿಗೆ ಅದು 80 ಗ್ರಾಂನಷ್ಟಾಯಿತು. ದಿನದ 350 ಗ್ರಾಂ ಜೋಳ, ಗೋಧಿ, ಅಕ್ಕಿಯಿಂದ ಸುಮಾರು 30 ಗ್ರಾಂ ಬರುತ್ತದೆ. 80 ಗ್ರಾಂ ಬೇಳೆ ಕಾಳುಗಳಿಂದ 17, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಉಂಡೆಯ ಶೇಂಗಾದಿಂದ ಐದಾರು ಗ್ರಾಂ. ಉಳಿದದ್ದನ್ನು ಎರಡು ಮೊಟ್ಟೆಗಳೋ ಒಂದು ಹಿಡಿ ಸೋಯಾ ಚಂಕ್ಸೋ ತುಂಬಿಕೊಡುತ್ತವೆ. ಮಡಕೆ ಕಾಳಿನ ಉಸಳಿ, ಝುಣಕ, ಹೆಸರುಕಾಳಿನ ಪಲ್ಯ ಸರದಿಯ ಮೇಲೆ ಬಂದರೆ ಯಾರಿಗೂ ಬೇಸರವಾಗುವುದಿಲ್ಲ. ಆದರೆ ಅನ್ನ, ರೊಟ್ಟಿ ಬಿಟ್ಟು ಪ್ರೋಟೀನನ್ನೇ ತಿನ್ನುತ್ತೇನೆ ಎನ್ನುವುದು ಸರಿಯಲ್ಲ, ಏಕೆಂದರೆ ಒಟ್ಟು ಶಕ್ತಿ ಸಾಲದಾದಾಗ ದೇಹವು ಆ ಪ್ರೋಟೀನನ್ನೇ ಉರುವಲಾಗಿ ಸುಟ್ಟುಬಿಡುತ್ತದೆ. ಮಾಂಸಖಂಡ ಕಟ್ಟಲು ಏನೂ ಉಳಿಯುವುದಿಲ್ಲ.

ತೂಕ ಇಳಿಸಲೆಂದೇ ವ್ಯಾಯಾಮ ಹಿಡಿದವರು ನನ್ನ ಮಾತು ತಮಗಲ್ಲ ಎಂದುಕೊಳ್ಳಬಾರದು. ಅವರು ಹೆಚ್ಚುವರಿಯನ್ನು ಪೂರ್ತಿ ತಿನ್ನಬೇಕಿಲ್ಲ, ಆದರೆ ಕೊರತೆಯು ದಿನಕ್ಕೆ 300ರಿಂದ 500 ಕ್ಯಾಲರಿಯನ್ನು ಮೀರದಿರಲಿ; ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ವಾರಕ್ಕೊಮ್ಮೆ, ಒಂದೇ ವಾರದ ದಿನ, ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿಯೇ ಬರೆದಿಡಿರಿ. ಮೊದಲ ಒಂದು ವಾರ ಅಡುಗೆಮನೆಯಲ್ಲಿ ಸಣ್ಣ ತಕ್ಕಡಿ ಇಟ್ಟುಕೊಂಡು ಹಿಟ್ಟು, ಅಕ್ಕಿ, ಬೇಳೆಗಳನ್ನು ಹಸಿಯಾಗಿರುವಾಗಲೇ ತೂಗಿದರೆ ಆಮೇಲೆ ಕಣ್ಣಳತೆ ಬರುತ್ತದೆ; ಜೀವನಪೂರ್ತಿ ತೂಗುತ್ತ ಕೂರುವ ಅಗತ್ಯವಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಲೇಬೇಕು. ಉಣ್ಣುವುದು ಕಡಿಮೆಯಾಗಿ ದುಡಿಮೆ ಹೆಚ್ಚಾದರೆ ದೇಹವು ಮೊದಲು ಮುಟ್ಟನ್ನು ತಡಮಾಡುತ್ತದೆ, ಆಮೇಲೆ ನಿಲ್ಲಿಸಿಯೇ ಬಿಡುತ್ತದೆ. ಅದರ ಹಿಂದೆಯೇ ಮೂಳೆ ಸವೆಯತೊಡಗುತ್ತದೆ, ಕಾಲಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕುಗಳೂ ಬರಬಹುದು. ಕ್ರೀಡಾಪಟುಗಳಲ್ಲಿ ಕಾಣುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ರೆಡ್-ಎಸ್ ಎಂದು ಹೆಸರಿಟ್ಟರು. ಗಂಡಸರಿಗೂ ಅದು ತಪ್ಪಿದ್ದಲ್ಲ ಎಂದೂ ಹೇಳಿದರು. ಮುಟ್ಟು ನಿಂತದ್ದನ್ನು ವ್ಯಾಯಾಮದ ಫಲವೆಂದು ಸಂತೋಷಪಡುವ ಹುಡುಗಿಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಎರಡು ಮೂರು ತಿಂಗಳು ಕಾಯದೆ ವೈದ್ಯರನ್ನು ಕಾಣಿರಿ. ಪದೇ ಪದೇ ನೆಗಡಿ, ನಿದ್ದೆಗೆಡುವುದು, ಸಣ್ಣ ಮಾತಿಗೂ ಸಿಡುಕುವುದು, ಕೈಕಾಲು ತಣ್ಣಗಿರುವುದು, ಹೋದ ವಾರ ಸುಲಭವಾಗಿದ್ದ ಬಸ್ಕಿ ಈ ವಾರ ಭಾರವಾಗುವುದು, ಇವೂ ಊಟ ಸಾಲುತ್ತಿಲ್ಲ ಎನ್ನುವ ಸೂಚನೆಗಳಾಗಿರಬಹುದು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ವ್ಯಾಪಕವಾಗಿರುವುದರಿಂದ ಊಟದ ಜೊತೆಗೇ ಚಹಾ, ಕಾಫಿ ಕುಡಿಯದೆ ಒಂದು ಗಂಟೆ ಬಿಡಬೇಕು. ಕಾಳು ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ.

ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಬೆಲ್ಲ, ಬೇಳೆಗಳನ್ನು ಹೆಚ್ಚಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ಉಪವಾಸ ಹೀಗೆ ವ್ರತಗಳನ್ನು ಆಚರಿಸುವ ಮನೆಗಳಲ್ಲಿ ಆ ದಿನಗಳನ್ನು ಮೊದಲೇ ಗುರುತು ಹಾಕಿಕೊಂಡು, ಅಂದು ಜಿಗಿದಾಟ ಬಿಟ್ಟು ಹಗುರ ನಡಿಗೆ ಮಾಡಿದರೆ ವ್ರತವೂ ಕೆಡುವುದಿಲ್ಲ, ದೇಹವೂ ಕೆಡುವುದಿಲ್ಲ. ವಾರದ ರಜಾದಿನ ಊಟ ಕಡಿಮೆ ಮಾಡುವುದು ಬೇಡ. ದಣಿದ ಸ್ನಾಯುಗಳು ರಿಪೇರಿಯಾಗುವುದು ಅಂದೇ. 60 ಅಥವಾ 90 ದಿನಗಳು ಮುಗಿದು ವ್ಯಾಯಾಮ ಹಗುರವಾದ ಮೇಲೆ ಮಾತ್ರ ಸೇರಿಸಿದ್ದನ್ನು ಒಂದೊಂದಾಗಿ ಇಳಿಸಿರಿ: ಮೊದಲು ಸಂಜೆಯ ಉಂಡೆ, ಆಮೇಲೆ ಹೆಚ್ಚುವರಿ ತುಪ್ಪ, ನಂತರ ಒಂದು ರೊಟ್ಟಿ. ಹಾಲು, ಬೇಳೆ, ಕಾಳುಗಳನ್ನು ಹಾಗೆಯೇ ಮುಂದುವರಿಸಿರಿ.